ಎಂಟು ವಾರದ ಇಂಟರ್ನ್‌ಶಿಪ್: ಲಿಂಗ ಸಮಾನತೆ ಮತ್ತು ಆರೋಗ್ಯದ ಕೆಲಸದಲ್ಲಿ ವಿದ್ಯಾರ್ಥಿ ಏನು ಮಾಡಬಹುದು, ಏನು ಕೂಡದು? (ಮುಂಬೈ, ಪುಣೆ, ಗೋವಾ)

ಕೊಥ್ರೂಡ್ ಓದುಗಿ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷ. ಮೇ, ಜೂನ್ ಸೇರಿ 8 ವಾರದ ಇಂಟರ್ನ್‌ಶಿಪ್ ಆಗಬೇಕು. ಮನೆಮಾತು ಕನ್ನಡ. ಮರಾಠಿ ಮಾತಾಡಬಲ್ಲೆ, ಓದುವುದು ನಿಧಾನ.

ಮನಸ್ಸಿನಲ್ಲಿ ಮೂರು ದಾರಿಗಳಿವೆ. ಒಂದು, ಪುಣೆಯ ಕಟ್ಟಡ ಕಾರ್ಮಿಕರ ಕ್ಯಾಂಪುಗಳಲ್ಲಿ ಕನ್ನಡ ಮಾತಾಡುವ ಗರ್ಭಿಣಿಯರ ಆರೋಗ್ಯ. ಇನ್ನೊಂದು, ಮುಂಬೈಯ ಸರ್ಕಾರಿ ಆಸ್ಪತ್ರೆಯೊಳಗೆ ಹಿಂಸೆಗೊಳಗಾದ ಮಹಿಳೆಯರಿಗಾಗಿ ಇರುವ ಆಪ್ತಸಲಹಾ ಕೇಂದ್ರ. ಮೂರನೆಯದು ಗೋವಾದಲ್ಲಿ ಕನ್ನಡ ಕುಟುಂಬಗಳಿರುವ ಜುವಾರಿನಗರ ಅಥವಾ ಬೈನಾ. ಗೈಡ್ ಶೀರ್ಷಿಕೆ ಕೇಳುತ್ತಿದ್ದಾರೆ. ನಾನು ಬರೆದುಕೊಂಡಿರುವುದು: ‘ವಲಸೆ ಕಾರ್ಮಿಕ ಮಹಿಳೆಯರಲ್ಲಿ ಗೃಹ ಹಿಂಸೆಯ ಪ್ರಮಾಣ ಮತ್ತು ಅದರ ಆರೋಗ್ಯ ಪರಿಣಾಮ’. ಇದು ಆಗುವ ಮಾತೇ? ಕನ್ನಡ ಬರುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ? ತಿಳಿದವರು ಬಿಡಿಸಿ ಹೇಳಿ.

ದೇವನಾರ್ ಮೂಲೆ

ಶೀರ್ಷಿಕೆಯಿಂದಲೇ ಶುರು ಮಾಡೋಣ. ಇದು 8 ವಾರದಲ್ಲಿ ಆಗುವುದಿಲ್ಲ. ಲೆಕ್ಕ ನೋಡಿ. ನಿಜವಾದ ಪ್ರಮಾಣ ಗೊತ್ತಿಲ್ಲದಾಗ ಶೇ 50 ಎಂದು ಹಿಡಿಯುತ್ತೇವೆ. ಶೇ 5ರಷ್ಟು ಆಚೀಚೆ, ಶೇ 95 ಖಚಿತತೆ ಎಂದರೆ 384 ಮಹಿಳೆಯರು ಬೇಕು. ಒಬ್ಬೊಬ್ಬರನ್ನೂ ಏಕಾಂತದಲ್ಲಿ ಕೂರಿಸಿ ಇಂಥ ವಿಷಯ ಕೇಳುವಾಗ ದಿನಕ್ಕೆ 4 ಸಂದರ್ಶನ ಆದರೆ ಅದೇ ದೊಡ್ಡದು. ಅಲ್ಲಿಗೆ 96 ದಿನ. ನಿಮ್ಮ ಕೈಯಲ್ಲಿರುವುದು 40 ಕೆಲಸದ ದಿನ. ಅದರಲ್ಲೂ ಮೊದಲ ವಾರ ಪರಿಚಯಕ್ಕೆ, ಕೊನೆಯ ಎರಡು ವಾರ ಬರವಣಿಗೆಗೆ ಹೋಗುತ್ತವೆ.

ಸಮಯಕ್ಕಿಂತ ದೊಡ್ಡ ತೊಡಕು ಸುರಕ್ಷತೆಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್) ನಡೆಸುವ ಐಐಪಿಎಸ್ ಸಂಸ್ಥೆ ಇಲ್ಲೇ ಮುಂಬೈಯ ದೇವನಾರಿನಲ್ಲಿದೆ. ಅವರ ಐದನೇ ಸುತ್ತಿನಲ್ಲಿ (2019–21) ಗೃಹ ಹಿಂಸೆಯ ಪ್ರಶ್ನೆಗಳನ್ನು ಕೇಳಿದ್ದು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ, ಅದೂ ಏಕಾಂತ ಸಿಕ್ಕಿದರೆ ಮಾತ್ರ. ಸಿಗದಿದ್ದರೆ ಆ ಭಾಗವನ್ನೇ ಬಿಟ್ಟುಬಿಡುವ ನಿಯಮ. ಒಂದೇ ಮನೆಯಲ್ಲಿ ಅತ್ತೆಯನ್ನೂ ಸೊಸೆಯನ್ನೂ ಕೇಳಿದರೆ ಪ್ರಶ್ನೆ ಏನಿತ್ತೆಂದು ಸಂಜೆಯೊಳಗೆ ಮನೆಯ ಗಂಡಸರಿಗೆ ತಿಳಿಯುತ್ತದೆ. ಉತ್ತರ ಕೊಟ್ಟವಳಿಗೆ ಅದೇ ಅಪಾಯ. ತರಬೇತಿ ಪಡೆದ ತಂಡಗಳೇ ಇಷ್ಟು ಎಚ್ಚರ ವಹಿಸುವಾಗ ತಗಡಿನ ಶೆಡ್ಡುಗಳ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಈ ಪ್ರಶ್ನೆ ಕೇಳುತ್ತಾ ಹೋಗುವುದು ಸರಿಯಲ್ಲ. ಆ ಸಮೀಕ್ಷೆಯ ಪ್ರಕಾರ ದೇಶದಲ್ಲಿ 18–49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 29.3 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಪ್ರಮಾಣ ಬೇಕಿದ್ದರೆ ಅದನ್ನೇ ಉಲ್ಲೇಖಿಸಿ.

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯದು ಮತ್ತೊಂದು ಗಡಿ. ಮೇನಲ್ಲಿ ಕೆಲಸ ಶುರುವಾಗಬೇಕಾದರೆ ಫೆಬ್ರವರಿಯಲ್ಲೇ ಅರ್ಜಿ ಹೋಗಿರಬೇಕು. ಈಗ ಉಳಿದಿರುವುದು ಮೂರು ಮಾರ್ಗ. ಈಗಾಗಲೇ ಅನುಮತಿ ಸಿಕ್ಕಿರುವ ಅಧ್ಯಯನಕ್ಕೆ ನಿಮ್ಮ ಹೆಸರು ಸೇರಿಸಿಕೊಂಡು ಅದರ ಒಂದು ತುಂಡನ್ನು ಮಾಡುವುದು, ಹೆಸರು ತೆಗೆದ ದಾಖಲೆಗಳನ್ನು ಸಂಸ್ಥೆಯ ಲಿಖಿತ ಒಪ್ಪಿಗೆಯೊಂದಿಗೆ ವಿಶ್ಲೇಷಿಸುವುದು, ಇಲ್ಲವೇ ತರಬೇತಿ ಸಾಮಗ್ರಿ ತಯಾರಿಸಿ ಪರೀಕ್ಷಿಸುವುದು. ದಾಖಲೆ ನೋಡುವ ಕೆಲಸಕ್ಕೂ ಕಮಿಟಿಯಿಂದ ‘ಪರಿಶೀಲನೆಯಿಂದ ವಿನಾಯಿತಿ’ ಎಂಬ ಪತ್ರ ಬೇಕಾಗುತ್ತದೆ. ನಮಗೆ ನಾವೇ ವಿನಾಯಿತಿ ಕೊಟ್ಟುಕೊಳ್ಳುವಂತಿಲ್ಲ.

ಹಡಪ್ಸರ್ ಹೈದ

ನಮಸ್ಕಾರ್ರಿ. ಕ್ಯಾಂಪಿನ ಸಂಗತಿ ನಾ ಹೇಳ್ತೀನಿ. ವಾಘೋಲಿ, ಹಿಂಜವಡಿ, ಬಾಣೇರ ಕಡೆ ಕಟ್ಟಡದ ಕೆಲಸಕ್ಕ ಬರೋರೊಳಗ ಕಲಬುರಗಿ, ಯಾದಗಿರಿ, ವಿಜಯಪುರದ ಮಂದಿ ಭಾಳ ಅದಾರ. ಕನ್ನಡ ಉಪಯೋಗಕ್ಕ ಬರ್ತದ, ಖರೆ. ಆದ್ರ ತಾಂಡಾದಿಂದ ಬಂದ ಹೆಣ್ಣುಮಕ್ಕಳು ಮನಿಯೊಳಗ ಮಾತಾಡೋದು ಲಂಬಾಣಿ. ಅವರು ಕನ್ನಡದಾಗ ‘ಹೂಂ’ ಅಂದ್ರ ತಿಳೀತು ಅಂತ ಬರ್ಕೋಬ್ಯಾಡ್ರಿ. ಹೇಳಿದ್ದನ್ನ ಅವರ ಬಾಯಿಂದ ಒಮ್ಮೆ ತಿರುಗಿ ಹೇಳಸ್ರಿ.

ಯಾಳೆ ನೋಡ್ಕೊಂಡು ಹೋಗ್ರಿ. ಮುಂಜಾನೆ ಸೈಟಿಗೆ ಹೊಂಡೋ ಗಡಿಬಿಡಿ, ಸಂಜೀಗೆ ನೀರು ಹಿಡಿಯೋದು, ಅಡಗಿ. ಮಧ್ಯಾಹ್ನ ಊಟದ ಒಂದು ತಾಸು, ಇಲ್ಲಾ ವಾರದ ರಜೆಯ ದಿನ, ಇಷ್ಟೇ ಸಿಗೋದು. ‘ಖರ್ಚಿ’ (ಖರ್ಚಿಗಂತ ಕೊಡೋ ರೊಕ್ಕ) ಕೊಡೋ ದಿನ ಮಾತ್ರ ಸಂಜೀಗೆ ಹೋಗಬ್ಯಾಡ್ರಿ, ಅವತ್ತು ಸಂತಿ, ಕುಡಿತ, ಜಗಳ ಎಲ್ಲಾ ಒಮ್ಮೆಗೇ ಇರ್ತಾವ. ಒಳಗ ಹೋಗಾಕ ಬಿಲ್ಡರ್ ಕಚೇರಿಯ ಪರವಾನಗಿ ಬೇಕು, ಮುಕಾದಮನ (ಆಳು ತರೋ ಮೇಸ್ತ್ರಿ) ಕೂಡ ಪರಿಚಯ ಬೇಕು. ಆದ್ರ ಮುಕಾದಮನ್ನ ಬಾಜೂಕ ಕೂಡಿಸ್ಕೊಂಡು ಆರೋಗ್ಯದ ಮಾತು ಕೇಳಿದ್ರ ಎಲ್ಲಾರೂ ‘ಏನೂ ತ್ರಾಸಿಲ್ರಿ’ ಅಂತಾರ. ಪುಣೆಯೊಳಗ ಸೈಟಿನ ಮ್ಯಾಲೇ ಕೂಸಿನ ಮನಿ ನಡಸೋ ತಾರಾ ಮೊಬೈಲ್ ಕ್ರೆಷಸ್‌ನಂಥ ಸಂಸ್ಥಾದ ಮೂಲಕ ಹೋದ್ರ ತಾಯಂದಿರು ನಂಬಿ ಮಾತಾಡ್ತಾರ. ಇನ್ನೊಂದು ನೆನಪಿಡ್ರಿ: 50ಕ್ಕಿಂತ ಹೆಚ್ಚು ಹೆಣ್ಣಾಳು ಇರೋ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಕೋಲಿ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೊಳಗ ಇತ್ತು, 2025ರ ನವೆಂಬರಿನ್ಯಾಗ ಅದರ ಜಾಗಕ್ಕ ಹೊಸ ಕಾರ್ಮಿಕ ಸಂಹಿತೆ ಬಂತು. ಇದ್ಯೋ ಇಲ್ಲೋ ನೋಡಿ ಬರಿಯೋದೂ ಇಂಟರ್ನ್ ಮಾಡಬಹುದಾದ ಕೆಲಸನೇ.

ಈಗ ಮುಖ್ಯ ಮಾತು. ಚೊಚ್ಚಲ ಬಸರಿ ಏಳನೇ ತಿಂಗಳಿಗೆ ತವರಿಗೆ ಹೋಗ್ತಾಳ. ಪುಣೆಯ ರಜಿಸ್ಟರಿನೊಳಗ ಎರಡು ತಪಾಸಣಿ ಬಿದ್ದಿರ್ತದ, ಮುಂದಿಂದು ಖಾಲಿ. ಹೊಸಬರು ಅದನ್ನ ‘ತಪಾಸಣೆ ಬಿಟ್ಟವರು’ ಅಂತ ಎಣಸ್ತಾರ. ಆಕಿ ಯಾದಗಿರಿಯೊಳಗ ಉಳಿದೆರಡು ತಪಾಸಣಿ ಮಾಡಿಸ್ಕೊಂಡು ದವಾಖಾನಿಯೊಳಗೇ ಹಡದಿರ್ತಾಳ. ಅದಕ್ಕ ಖಾಲಿ ಇದ್ದ ಹೆಸರಿಗೆಲ್ಲಾ ನಾಕು ಗುಂಪು ಮಾಡ್ರಿ: ಇಲ್ಲೇ ಹಡದವರು, ತವರಿಗೆ ಹೋಗಿ ತಪಾಸಣಿ ಮುಂದುವರಿಸಿದವರು, ಹೋದ ಮ್ಯಾಲೆ ನಿಂತವರು, ಗೊತ್ತಾಗದವರು. ಗೊತ್ತಾಗದವರನ್ನ ಬಿಟ್ಟವರೊಳಗ ಸೇರಸಬ್ಯಾಡ್ರಿ. ಕರ್ನಾಟಕದ ತಾಯಿ ಕಾರ್ಡಿನ ಮ್ಯಾಲಿನ ಆರ್‌ಸಿಎಚ್ ನಂಬರ್ (ಬಸರಿಯರ ಸರ್ಕಾರಿ ನೋಂದಣಿ ನಂಬರ್) ಇಲ್ಲಿನೂ ನಡೀತದ. ಅದನ್ನ ಹುಡುಕದ ಹೊಸಾ ನಂಬರ್ ಕೊಟ್ರ ಒಬ್ಬಾಕಿನೇ ಎರಡು ಸಲ ಲೆಕ್ಕಕ್ಕ ಬರ್ತಾಳ.

ಮತ್ತ ಜೂನ್ ಬಂತಂದ್ರ ಮುಂಗಾರಿ ಬಿತ್ತಗಿ. ಕ್ಯಾಂಪು ಅರ್ಧ ಖಾಲಿ. ಮಂದಿನ್ನ ಭೇಟಿ ಆಗೋದಿದ್ರ ಮೇ 20ರೊಳಗ ಮುಗಸ್ರಿ.

ಕೊಥ್ರೂಡ್ ಓದುಗಿ

ಹಡಪ್ಸರ್ ಅಣ್ಣಾ, ತವರಿನ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ದೇವನಾರ್ ಅವರೇ, ಶೀರ್ಷಿಕೆ ಕೈಬಿಟ್ಟೆ. ಮುಂಬೈ ಆಸ್ಪತ್ರೆಯ ಕೇಂದ್ರದಲ್ಲಿ ಇಂಟರ್ನ್‌ಗೆ ಏನು ಕೊಡುತ್ತಾರೆ? ಕನ್ನಡ ಮಾತ್ರ ಬರುವ ಮಹಿಳೆ ಬಂದರೆ ದುಭಾಷಿಯಾಗಿ ಕೂರಬಹುದೇ?

ಮಾಟುಂಗ ಪೂರ್ವ

ಇಂಥ ಕೇಂದ್ರಗಳ ಹಿನ್ನೆಲೆ ತಿಳಿದುಕೊಂಡು ಹೋಗುವುದು ಒಳ್ಳೆಯದು. ಸೆಹಾತ್ ಸಂಸ್ಥೆ ಮತ್ತು ಮುಂಬೈ ಮಹಾನಗರಪಾಲಿಕೆ ಸೇರಿ 2000ದ ಹೊತ್ತಿಗೆ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಶುರು ಮಾಡಿದವು. ಹಿಂಸೆಗೊಳಗಾದ ಮಹಿಳೆ ಮೊದಲು ಬರುವುದು ಪೊಲೀಸ್ ಠಾಣೆಗಲ್ಲ, ತಲೆನೋವು, ಬಿದ್ದ ಗಾಯ, ವಿಷ ಸೇವನೆ ಎಂದು ಆಸ್ಪತ್ರೆಗೆ. ಆದ್ದರಿಂದ ಆಸ್ಪತ್ರೆಯೇ ಗುರುತಿಸಬೇಕು ಎಂಬುದು ಅದರ ಮೂಲ ವಿಚಾರ. ಠಾಣೆಯ ಕಡೆಯಿಂದ ಇದೇ ಕೆಲಸ ಮಾಡುವ ಮಹಿಳೆಯರ ಮತ್ತು ಮಕ್ಕಳ ವಿಶೇಷ ಘಟಕ ಟಿಸ್ಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಮತ್ತು ಮುಂಬೈ ಪೊಲೀಸರ ಜಂಟಿ ಪ್ರಯತ್ನವಾಗಿ 1984ರಲ್ಲೇ ಬಂದಿತ್ತು. ಧಾರಾವಿಯ ಬಸ್ತಿಯೊಳಗೆ ಇದೇ ವಿಷಯದಲ್ಲಿ ಕೆಲಸ ಮಾಡುವ ಸ್ನೇಹಾ ಸಂಸ್ಥೆ 1999ರದ್ದು. ಆಸ್ಪತ್ರೆ, ಠಾಣೆ, ಬಸ್ತಿ ಈ ಮೂರರಲ್ಲಿ ಯಾವ ಬಾಗಿಲಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ಇಂಟರ್ನ್‌ಶಿಪ್ಪಿನ ಸ್ವರೂಪವೇ ಬದಲಾಗುತ್ತದೆ.

ಇಂಟರ್ನ್ ಆಪ್ತಸಲಹೆ ಕೊಡುವಂತಿಲ್ಲ. ಮೊದಲ ವಾರವೇ ‘ಒಂದು ಕೇಸು ನೀವು ನೋಡಿ’ ಎನ್ನುವ ಕಡೆ ಸೇರಬೇಡಿ. ಸರಿಯಾಗಿ ನಡೆಯುವ ಕಡೆ ಕೊಡುವ ಕೆಲಸ ಬೇರೆ: ಹಳೆಯ ದಾಖಲೆಗಳಿಂದ ಹೆಸರು, ವಿಳಾಸ ತೆಗೆದು ಸಂಕೇತ ಸಂಖ್ಯೆ ಹಾಕುವುದು, ಮಹಿಳೆ ಯಾವ ವಿಭಾಗದಿಂದ ಕಳುಹಿಸಲ್ಪಟ್ಟಳು ಎಂದು ತಿಂಗಳವಾರು ಪಟ್ಟಿ ಮಾಡುವುದು, ನರ್ಸ್ ತರಬೇತಿಗೆ ಚಿತ್ರಗಳುಳ್ಳ ಸಾಮಗ್ರಿ, ಆಶ್ರಯ ಮನೆ ಮತ್ತು ಕಾನೂನು ನೆರವಿನ ಸಂಪರ್ಕ ಪಟ್ಟಿಯನ್ನು ಒಂದೊಂದೇ ಕರೆ ಮಾಡಿ ಸರಿಪಡಿಸುವುದು. ಈ ಕೊನೆಯದ್ದನ್ನು ಯಾರೂ ದೊಡ್ಡ ಕೆಲಸ ಎಂದು ತಿಳಿಯುವುದಿಲ್ಲ, ಆದರೆ ಮಧ್ಯರಾತ್ರಿ ಒಬ್ಬಳನ್ನು ಕಳುಹಿಸಬೇಕಾದಾಗ ಆ ಪಟ್ಟಿಯ ನಂಬರ್ ಕೆಲಸ ಮಾಡಲೇಬೇಕು. ಮಹಿಳೆಯರಿಗೆ 181, ತುರ್ತಿಗೆ 112, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100, ಮಾನಸಿಕ ಆರೋಗ್ಯಕ್ಕೆ 14416 ಇವು ಎಲ್ಲರಿಗೂ ಗೊತ್ತು. ಪಟ್ಟಿಗೆ ಬೇಕಿರುವುದು ಸ್ಥಳೀಯ ವಿವರ: ಆಶ್ರಯ ಮನೆ ಗಂಡು ಮಗುವನ್ನು ಎಷ್ಟು ವಯಸ್ಸಿನವರೆಗೆ ಜೊತೆಗೆ ಇರಿಸಿಕೊಳ್ಳುತ್ತದೆ, ರಾತ್ರಿ ಸೇರಿಸಿಕೊಳ್ಳುತ್ತದೆಯೇ, ಕನ್ನಡ ಬಲ್ಲವರು ಯಾರಾದರೂ ಉಂಟೇ.

ದುಭಾಷಿಯಾಗಿ ಕೂರುವ ಬಗ್ಗೆ: ಗಂಡ, ಅತ್ತೆ ಅಥವಾ ಮಗು ಅನುವಾದ ಮಾಡುವುದಕ್ಕಿಂತ ನೀವು ಮಾಡುವುದು ಎಷ್ಟೋ ಮೇಲು. ಆದರೆ ಮೂರು ಷರತ್ತು ಇಟ್ಟುಕೊಳ್ಳಿ. ಆಪ್ತಸಲಹೆಗಾರ್ತಿ ಕೋಣೆಯಲ್ಲಿ ಇರಲೇಬೇಕು. ಆಕೆ ‘ನನ್ನನ್ನು ಹೊಡೆದ’ ಎಂದರೆ ನೀವೂ ‘ನನ್ನನ್ನು ಹೊಡೆದ’ ಎಂದೇ ಹೇಳಬೇಕು. ಐದು ನಿಮಿಷದ ಮಾತನ್ನು ‘ಮನೆಯಲ್ಲಿ ತೊಂದರೆ ಅಂತೆ’ ಎಂದು ಒಂದು ವಾಕ್ಯಕ್ಕೆ ಇಳಿಸಿದರೆ ಅಪಾಯದ ಅಂದಾಜೇ ತಪ್ಪುತ್ತದೆ. ಮತ್ತೆ, ಮಾತಿನ ಮೊದಲೇ ನಿಮ್ಮ ಊರು ಯಾವುದೆಂದು ಆಕೆಗೆ ತಿಳಿಸಿ, ಬೇಡವೆನ್ನಲು ಅವಕಾಶ ಕೊಡಿ. ಮುಂಬೈಯ ಕನ್ನಡ ವಲಯ ಚಿಕ್ಕದು. ಒಂದೇ ಊರಿನವರು, ಒಂದೇ ಸಂಘದವರು ಎಂದಾದರೆ ಆಕೆಗೆ ನಿಮ್ಮ ಕನ್ನಡವೇ ಭಯಕ್ಕೆ ಕಾರಣವಾದೀತು.

ಕಾನೂನು ಕಡತ

ಮೇಲಿನದಕ್ಕೆ ಕಾನೂನಿನ ಕಡೆಯಿಂದ ಸೇರಿಸುವುದಿದೆ. ಹದಿನೆಂಟು ತುಂಬದವರ ಜೊತೆ ಕೆಲಸ ಮಾಡುವ ಇಂಟರ್ನ್ ಎಂದೂ ಹೇಳಬಾರದ ಮಾತು ‘ನೀನು ಹೇಳಿದ್ದು ಯಾರಿಗೂ ಹೇಳಲ್ಲ’. ಮಕ್ಕಳನ್ನು ಲೈಂಗಿಕ ಅಪರಾಧದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಕಲಂ ಪ್ರಕಾರ ಶಿಕ್ಷಾರ್ಹ. ಇಂಟರ್ನ್ ಎಂಬ ಕಾರಣಕ್ಕೆ ಬಿಡುಗಡೆ ಇಲ್ಲ. ಹಾಗೆಂದು ಒಬ್ಬರೇ ಠಾಣೆಗೆ ಓಡುವುದಲ್ಲ. ಅದೇ ದಿನ ಸೂಪರ್‌ವೈಸರ್‌ಗೆ ತಿಳಿಸಿ, ಸಂಸ್ಥೆಯ ಮಕ್ಕಳ ರಕ್ಷಣಾ ನೀತಿಯಂತೆ ಮುಂದುವರಿಯುವುದು. ಆ ನೀತಿಯ ಪ್ರತಿ ಕೆಲಸಕ್ಕೆ ಸೇರುವ ದಿನವೇ ಕೈಯಲ್ಲಿರಲಿ. ಗುಂಪಿನ ಮಾತು ಶುರು ಮಾಡುವಾಗಲೇ ‘ಯಾರಿಗಾದರೂ ಅಪಾಯವಿದೆ ಎಂದು ಗೊತ್ತಾದರೆ ನಾವು ದೊಡ್ಡವರಿಗೆ ಹೇಳಬೇಕಾಗುತ್ತದೆ’ ಎಂದು ಸರಳವಾಗಿ ತಿಳಿಸಿ.

ಅತ್ಯಾಚಾರ, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 397ನೇ ಕಲಂ ಹೇಳುತ್ತದೆ. ‘ಮೊದಲು ಎಫ್‌ಐಆರ್ ತನ್ನಿ’ ಎನ್ನುವಂತಿಲ್ಲ. ತರಬೇತಿ ಸಾಮಗ್ರಿಯಲ್ಲಿ ಇದು ಮೊದಲ ಪುಟಕ್ಕೆ ಬರಲಿ.

ಪೋಸ್ಟರ್ ಮಾಡುವವರಿಗೆ ಒಂದು ಕಳಕಳಿಯ ಮಾತು. ಲಿಂಗ ಆಯ್ಕೆಯ ವಿರುದ್ಧ ಪೋಸ್ಟರ್ ಎಂದರೆ ಕತ್ತಿ, ರಕ್ತ, ಗರ್ಭದೊಳಗೆ ಅಳುವ ಮಗು, ಕೆಳಗೆ ‘ಭ್ರೂಣ ಹತ್ಯೆ ಮಹಾಪಾಪ’. ಇದನ್ನು ನೋಡಿದ ಮಹಿಳೆಗೆ ಅರ್ಥವಾಗುವುದು ಗರ್ಭಪಾತವೇ ಅಪರಾಧ ಎಂದು. ಅಪರಾಧವಾಗಿರುವುದು 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಭ್ರೂಣದ ಲಿಂಗ ಪತ್ತೆ ಮಾಡುವುದು, ತಿಳಿಸುವುದು, ಜಾಹೀರಾತು ಕೊಡುವುದು. ಗರ್ಭಪಾತ 1971ರ ಎಂಟಿಪಿ ಕಾಯ್ದೆಯಡಿ ಕಾನೂನುಬದ್ಧ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿಗದಿತ ವರ್ಗದವರಿಗೆ ಇಬ್ಬರದು ಬೇಕು. ಅವಿವಾಹಿತರನ್ನು ಆ ವರ್ಗದಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಹೆದರಿಸುವ ಪೋಸ್ಟರ್ ಹಾಕಿದರೆ ಅವಳು ಸರ್ಕಾರಿ ಆಸ್ಪತ್ರೆ ಬಿಟ್ಟು ಗಲ್ಲಿಯ ಔಷಧಿ ಅಂಗಡಿಗೆ ಹೋಗುತ್ತಾಳೆ. ‘ಲಿಂಗ ಪತ್ತೆ ಅಪರಾಧ, ಸುರಕ್ಷಿತ ಗರ್ಭಪಾತ ಕಾನೂನಿನಲ್ಲಿದೆ’ ಎಂದು ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ.

ವಾಸ್ಕೋ ಕನ್ನಡಿಗ

ಗೋವಾದ ಬಗ್ಗೆ ಚಿಕ್ಕದಾಗಿ. ಜುವಾರಿನಗರ, ಬೈನಾ ಎರಡೂ ಕಡೆ ಉತ್ತರ ಕರ್ನಾಟಕದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಆರೋಗ್ಯ ಕೇಂದ್ರದ ಫಲಕಗಳು ಕೊಂಕಣಿ, ಮರಾಠಿ, ಇಂಗ್ಲಿಷ್‌ನಲ್ಲಿ ಸಿಗುತ್ತವೆ, ಆದ್ದರಿಂದ ಕನ್ನಡದ ಸಾಮಗ್ರಿಗೆ ಇಲ್ಲಿ ನಿಜವಾದ ಬೇಡಿಕೆ ಇದೆ. ಕುಡಿತ ಮತ್ತು ಮನೆಯ ಹಿಂಸೆ ಎರಡನ್ನೂ ಒಟ್ಟಿಗೆ ನೋಡುವ ಆಸಕ್ತಿ ಇದ್ದರೆ 1996ರಲ್ಲಿ ಗೋವಾದಲ್ಲೇ ಹುಟ್ಟಿದ ಸಂಗಾತ್ ಸಂಸ್ಥೆಯ ಕೆಲಸ ಓದಿ. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಖಿನ್ನತೆಗೆ, ಕುಡಿತಕ್ಕೆ ಆಪ್ತಸಲಹೆ ಕೊಡಬಲ್ಲರು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪ್ರಯೋಗ ಮಾಡಿ ತೋರಿಸಿದವರು ಅವರು. ಗಮನಿಸಿ, ತರಬೇತಿ ಮತ್ತು ನಿರಂತರ ಮೇಲ್ವಿಚಾರಣೆ ಇದ್ದ ಸಲಹೆಗಾರರು. ಅದನ್ನು ತೋರಿಸಿ ‘ಇಂಟರ್ನ್ ಕೂಡ ಮಾಡಬಹುದು’ ಎಂದು ವಾದಿಸಬೇಡಿ.

ಜೂನ್ ಎರಡನೇ ವಾರದಿಂದ ಮಳೆ ಹಿಡಿದರೆ ಗುಡ್ಡದ ಬದಿಯ ಮನೆಗಳಿಗೆ ಹತ್ತಿ ಹೋಗುವುದು ಕಷ್ಟ. ಹೊರಗಿನ ಕೆಲಸವೆಲ್ಲ ಮೇನಲ್ಲೇ ಇರಲಿ.

ಅಂಕಿಅಂಶ ಅಕ್ಕ

ಮೇ–ಜೂನ್ ಎಂದಮೇಲೆ ಇನ್ನೊಂದು: ಮಹಾರಾಷ್ಟ್ರದಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯಕ್ಕೆ. ‘ಶಾಲಾ ಬಾಲಕಿಯರಲ್ಲಿ ಮುಟ್ಟಿನ ಅರಿವು’ ಎಂಬ ಶೀರ್ಷಿಕೆ ಹಿಡಿದು ಮೇನಲ್ಲಿ ಬರುವವರು ಪ್ರತಿ ವರ್ಷ ಇರುತ್ತಾರೆ. ಹದಿಹರೆಯದವರೇ ಬೇಕಿದ್ದರೆ ಅಂಗನವಾಡಿ, ಬಸ್ತಿಯ ಗುಂಪು, ಆಸ್ಪತ್ರೆಯ ‘ಮೈತ್ರಿ’ ಕ್ಲಿನಿಕ್ ಮೂಲಕ ಹೋಗಿ. ಕರ್ನಾಟಕದಲ್ಲಿ ‘ಸ್ನೇಹಾ ಕ್ಲಿನಿಕ್’ ಎನ್ನುವುದಕ್ಕೆ ಇಲ್ಲಿನ ಹೆಸರು ಅದು. 2014ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10–19 ವಯಸ್ಸಿನ ಹುಡುಗ, ಹುಡುಗಿ ಇಬ್ಬರದೂ. ಎನ್‌ಎಫ್‌ಎಚ್‌ಎಸ್–5ರಲ್ಲಿ 15–19 ವಯಸ್ಸಿನ ಹುಡುಗಿಯರಲ್ಲಿ ರಕ್ತಹೀನತೆ ಶೇ 59.1, ಹುಡುಗರಲ್ಲಿ ಶೇ 31.1. ಹುಡುಗಿಯರ ಅಂಕಿ ಮಾತ್ರ ಬರೆದು ನಿಲ್ಲಿಸಿದರೆ ಅದು ಲಿಂಗ ವಿಶ್ಲೇಷಣೆ ಆಗುವುದಿಲ್ಲ. ಈ ಅಂತರದಲ್ಲಿ ಮುಟ್ಟಿನ ಪಾಲೆಷ್ಟು, ತಟ್ಟೆಗೆ ಬೀಳುವ ಊಟದ ಪಾಲೆಷ್ಟು ಎಂದು ಕೇಳಿದಾಗ ಶುರುವಾಗುತ್ತದೆ.

ವಾರಕ್ಕೊಂದು ನೀಲಿ ಮಾತ್ರೆ (60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ) ಹಂಚಿದ ಸಂಖ್ಯೆಗೂ ನುಂಗಿದ ಸಂಖ್ಯೆಗೂ ಬಹಳ ವ್ಯತ್ಯಾಸ. ಖಾಲಿ ಹೊಟ್ಟೆಗೆ ತೆಗೆದುಕೊಂಡು ವಾಕರಿಕೆ ಬಂದವರು, ಮಲ ಕಪ್ಪಾಯಿತೆಂದು ಹೆದರಿದವರು ಮುಂದಿನ ವಾರ ಬಿಸಾಡುತ್ತಾರೆ. ಊಟವಾದ ಮೇಲೆ, ಚಹಾದಿಂದ ದೂರವಿಟ್ಟು ನುಂಗಬೇಕು, ಮಲ ಕಪ್ಪಾಗುವುದು ಸಹಜ. ಕನ್ನಡದಲ್ಲಿ ಈ ಎರಡು ಸಾಲಿನ ಚೀಟಿ ಮಾಡಿದರೂ ಕೆಲಸಕ್ಕೆ ಬರುತ್ತದೆ.

ಗುಂಪಿನ ಮಾತುಕತೆಗೆ 20ಕ್ಕಿಂತ ಹೆಚ್ಚು ಜನ ಬೇಡ, 45 ನಿಮಿಷ ಸಾಕು. ಪ್ರಶ್ನೆ ಪೆಟ್ಟಿಗೆ ಇಡುವಾಗ ಪ್ರತಿಯೊಬ್ಬರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಲಿ. ಇಲ್ಲದಿದ್ದರೆ ಬರೆದವರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಸಂಶೋಧನೆಯಾದರೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಪಾಲಕರ ಒಪ್ಪಿಗೆಯ ಜೊತೆ 7–12 ವಯಸ್ಸಿನವರ ಬಾಯಿಮಾತಿನ ಸಮ್ಮತಿ, 12–18ರವರ ಲಿಖಿತ ಸಮ್ಮತಿ ಬೇಕು.

ಮಾಹಿತಿ ಸಂಗ್ರಹಕ್ಕೆ ಕೋಬೋ ಟೂಲ್‌ಬಾಕ್ಸ್ ಎಂಬ ತಂತ್ರಾಂಶ ಬಳಸಿ, ನೆಟ್ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಜಿಪಿಎಸ್ ಪ್ರಶ್ನೆ ಇಡಬೇಡಿ, ಮನೆಯ ನಿಖರ ಜಾಗ ದಾಖಲಾದರೆ ಹೆಸರು ತೆಗೆದದ್ದೆಲ್ಲ ವ್ಯರ್ಥ. ಹೆಸರು ಮತ್ತು ಸಂಕೇತ ಸಂಖ್ಯೆಯ ಜೋಡಿ ಪಟ್ಟಿ ಬೇರೆ ಕಡತದಲ್ಲಿ, ಪಾಸ್‌ವರ್ಡ್ ಹಾಕಿ, ಸೂಪರ್‌ವೈಸರ್ ಬಳಿ ಇರಲಿ. ರಜಿಸ್ಟರಿನ ಪುಟದ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳುಹಿಸುವ ಅಭ್ಯಾಸ ಬೇಡವೇ ಬೇಡ, ಫೋನಿನ ಗ್ಯಾಲರಿಯಲ್ಲಿ, ಬ್ಯಾಕಪ್‌ನಲ್ಲಿ ಅದು ಉಳಿದೇ ಇರುತ್ತದೆ.

ಕನ್ನಡದ ಕಡತಗಳಲ್ಲಿ ಎರಡು ತೊಂದರೆ ತಪ್ಪದೆ ಬರುತ್ತವೆ. ಸಿಎಸ್‌ವಿ ಕಡತವನ್ನು ನೇರ ಎಕ್ಸೆಲ್‌ನಲ್ಲಿ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಯುಟಿಎಫ್–8 ಆಯ್ಕೆ ಮಾಡಿ ಆಮದು ಮಾಡಿ, ಇಲ್ಲವೇ ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲೇ ಇಳಿಸಿಕೊಳ್ಳಿ. ಸಂಸ್ಥೆ ಕೊಡುವ ಹಳೆಯ ಕನ್ನಡ ಕರಪತ್ರ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತನ್ನು ಕಣ್ಣಿಟ್ಟು ತಿದ್ದಿ. ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು 5–6 ಗಂಟೆ, ಅನುವಾದಕ್ಕೆ ಮತ್ತೂ ಅಷ್ಟೇ. 8 ಸಂದರ್ಶನಕ್ಕೇ ಎರಡು ವಾರ ಮುಗಿಯುತ್ತದೆ.

ಚೆಂಬೂರ್ ಚಹಾ

ಇಷ್ಟೆಲ್ಲ ಓದಿದ ಮೇಲೆ ಒಂದು ಆಕ್ಷೇಪ. ಕೇಳಬೇಡಿ, ಕೂರಬೇಡಿ, ಹೋಗಬೇಡಿ ಎಂದಾದರೆ ವಿದ್ಯಾರ್ಥಿ ಕಲಿಯುವುದು ಹೇಗೆ? ದಾಖಲೆ ತಿದ್ದುವುದು, ಫೋನ್ ಪಟ್ಟಿ ಮಾಡುವುದು ಗುಮಾಸ್ತಿಕೆ. ಜನರ ಎದುರು ಕೂರದೆ ಈ ಕ್ಷೇತ್ರ ಅರ್ಥವಾಗುವುದಿಲ್ಲ. ಸ್ಟೈಪೆಂಡ್ ಇಲ್ಲದೆ ಗುಮಾಸ್ತಿಕೆ ಮಾಡಿಸಿಕೊಳ್ಳುವ ಸಂಸ್ಥೆಗಳಿಗೆ ಈ ವಾದ ಅನುಕೂಲವೇ ಆಗುತ್ತದೆ.

ಮಾಟುಂಗ ಪೂರ್ವ

ಚೆಂಬೂರ್ ಅವರೇ, ಸ್ಟೈಪೆಂಡಿನ ಮಾತು ಪೂರ್ತಿ ಒಪ್ಪುತ್ತೇನೆ. ಕನಿಷ್ಠ ಪ್ರಯಾಣ ಮತ್ತು ಊಟದ ಖರ್ಚನ್ನಾದರೂ ಕೊಡದ ಕಡೆ ಸ್ಥಿತಿವಂತರ ಮನೆಯ ಮಕ್ಕಳೇ ಸೇರುತ್ತಾರೆ, ಸಮಾನತೆಯ ಕೆಲಸಕ್ಕೆ ಅದು ಶೋಭೆಯಲ್ಲ.

ಜನರ ಎದುರು ಕೂರುವುದಕ್ಕೆ ಕ್ರಮ ಉಂಟು. ಮೊದಲ ವಾರ ಓದು, ನೀತಿಗಳು, ಸಂಪರ್ಕ ಪಟ್ಟಿ. ಎರಡನೇ ಮತ್ತು ಮೂರನೇ ವಾರ ಆಶಾ ಅಥವಾ ಪಾಲಿಕೆಯ ಆರೋಗ್ಯ ಸ್ವಯಂಸೇವಿಕೆಯ ಹಿಂದೆ ಮನೆಭೇಟಿ, ಬರೀ ನೋಡುವುದು, ಕೈಯಲ್ಲಿ ಪುಸ್ತಕ ಬೇಡ, ಹೊರಬಂದು ಬರೆಯುವುದು. ನಾಲ್ಕನೇ ವಾರದಿಂದ ಅವರ ಸಮ್ಮುಖದಲ್ಲಿ ಒಂದು ಸಣ್ಣ ವಿಷಯ ನೀವೇ ವಿವರಿಸುವುದು, ಉದಾಹರಣೆಗೆ ತಾಯಿ ಕಾರ್ಡ್ ಓದುವುದು ಹೇಗೆ ಎಂದು. ಸಾಮಗ್ರಿಯನ್ನು 6–8 ಮಹಿಳೆಯರ ಮುಂದಿಟ್ಟು ‘ಈ ಚಿತ್ರದಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳುವುದು. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಕಲಿಕೆ ಇದರಲ್ಲಿ ಧಾರಾಳ ಉಂಟು, ಯಾರಿಗೂ ಪೆಟ್ಟಾಗುವುದಿಲ್ಲ.

ಕಾನೂನು ಕಡತ

ಸ್ಟೈಪೆಂಡಿನ ಮಾತು ಬಂದಿದ್ದರಿಂದ, ಸೇರುವ ಪತ್ರದಲ್ಲಿ ಏನಿರಬೇಕೆಂದು ಬರೆಯುತ್ತೇನೆ. ಆರಂಭ ಮತ್ತು ಕೊನೆಯ ದಿನಾಂಕ, ದಿನದ ಗಂಟೆಗಳು (ಕ್ರೆಡಿಟ್ ಲೆಕ್ಕಕ್ಕೆ ಕಾಲೇಜು ಇದನ್ನೇ ಕೇಳುತ್ತದೆ), ಸೂಪರ್‌ವೈಸರ್ ಹೆಸರು ಮತ್ತು ವಾರಕ್ಕೊಮ್ಮೆ ಅವರ ಭೇಟಿ, ಹಣ, ಮಾಹಿತಿ ಯಾರ ಸ್ವತ್ತು, ಕಾಲೇಜಿನ ವರದಿಯಲ್ಲಿ ಎಷ್ಟು ಬಳಸಬಹುದು. ಕೊನೆಯದು ಬರೆಸದಿದ್ದರೆ ಜೂನ್ ಕೊನೆಗೆ ವರದಿ ಸಲ್ಲಿಸುವ ಹೊತ್ತಲ್ಲಿ ‘ನಮ್ಮ ಅನುಮತಿ ಇಲ್ಲ’ ಎಂಬ ಉತ್ತರ ಬರಬಹುದು.

ಇಂಟರ್ನ್‌ಗಳಿಗೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅನ್ವಯಿಸುತ್ತದೆ. ‘ಉದ್ಯೋಗಿ’ ಎಂಬ ವ್ಯಾಖ್ಯೆಯಲ್ಲಿ ಸಂಬಳವಿಲ್ಲದ ಸ್ವಯಂಸೇವಕರು, ತರಬೇತಿ ಪಡೆಯುವವರೂ ಸೇರಿದ್ದಾರೆ. 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿ. ದೂರಿಗೆ 3 ತಿಂಗಳ ಅವಧಿ, ಕಾರಣವಿದ್ದರೆ ಮತ್ತೆ 3 ತಿಂಗಳು. ಅಂದರೆ ಇಂಟರ್ನ್‌ಶಿಪ್ ಮುಗಿದ ಮೇಲೂ ದೂರು ಕೊಡಬಹುದು. ಮನೆಭೇಟಿಗೆ ಹೋಗುವ ದಾರಿ, ಸಂಸ್ಥೆಯ ವಾಹನ ಇವೂ ಕೆಲಸದ ಸ್ಥಳವೇ. ಮನೆಭೇಟಿಗೆ ಒಬ್ಬರೇ ಹೋಗಬೇಡಿ, ಕತ್ತಲಾಗುವ ಮೊದಲು ಮುಗಿಸಿ, ಗುರುತಿನ ಚೀಟಿ ಇಲ್ಲದೆ ಕ್ಷೇತ್ರಕ್ಕೆ ಕಾಲಿಡಬೇಡಿ.

ಕೊಥ್ರೂಡ್ ಓದುಗಿ

ಎಲ್ಲವನ್ನೂ ಗೈಡ್ ಜೊತೆ ಮಾತಾಡಿ ಹೀಗೆ ಬದಲಿಸಿದೆ: ‘ಒಂದು ನಗರ ಆರೋಗ್ಯ ಕೇಂದ್ರದ ಗರ್ಭಿಣಿ ನೋಂದಣಿ ದಾಖಲೆಗಳಲ್ಲಿ ವಲಸೆ ಮಹಿಳೆಯರ ತಪಾಸಣೆ ಪೂರ್ಣತೆ, ಮತ್ತು ತವರಿಗೆ ಹೋಗುವವರಿಗೆ ಕನ್ನಡ ಮಾಹಿತಿ ಚೀಟಿಯ ತಯಾರಿ’. ಕಳೆದ ಒಂದು ವರ್ಷದ ದಾಖಲೆ, ಹೆಸರಿಲ್ಲದೆ. ಇನ್ನೇನಾದರೂ ತಿದ್ದಬೇಕೇ?

ದೇವನಾರ್ ಮೂಲೆ

ಚೆನ್ನಾಗಿದೆ. ‘ಪೂರ್ಣತೆ’ ಎಂದರೇನೆಂದು ಮೊದಲೇ ಬರೆದಿಡಿ: ಕನಿಷ್ಠ 4 ತಪಾಸಣೆ, ಮೊದಲನೆಯದು 12 ವಾರದೊಳಗೆ. ನೋಂದಣಿಯಾದ ವಾರ, ಕೊನೆಯ ತಪಾಸಣೆಯ ವಾರ, ಎಷ್ಟನೇ ಬಸಿರು, ಸ್ವಂತ ಊರಿನ ಜಿಲ್ಲೆ ಇಷ್ಟು ಕಾಲಂ ಸಾಕು. ಇನ್ನೂ ದಿನ ತುಂಬದವರನ್ನು ಲೆಕ್ಕದಿಂದ ಹೊರಗಿಡಿ, ಇಲ್ಲದಿದ್ದರೆ ಅವರೆಲ್ಲ ‘ಅಪೂರ್ಣ’ ಎಂದು ಬಂದುಬಿಡುತ್ತಾರೆ. ಗಂಡನ ಹೆಸರಿನ ಕಾಲಂ ಖಾಲಿ ಇರುವ ದಾಖಲೆಗಳನ್ನು ತೆಗೆದುಹಾಕಬೇಡಿ, ಒಂಟಿ ಮಹಿಳೆಯರು ಅಲ್ಲೇ ಇರುತ್ತಾರೆ.

ಹಡಪ್ಸರ್ ಹೈದ

ಚೀಟಿ ಒಂದೇ ಹಾಳಿ ಇರ್ಲಿ ತಂಗಿ, ಮಡಚಿ ತಾಯಿ ಕಾರ್ಡಿನೊಳಗ ಕೂಡೋವಷ್ಟು. ಮ್ಯಾಲಿನ ಸಾಲಿನೊಳಗ ಆರ್‌ಸಿಎಚ್ ನಂಬರ್ ಬರಿಯಾಕ ಖಾಲಿ ಜಾಗ, ಕೆಳಗ ಪುಣೆಯ ಆಶಾ ತಾಯಿದು, ಊರ ಆಶಾದು ಎರಡೂ ಫೋನ್ ನಂಬರಿಗೆ ಜಾಗ. ಹಿಂದಿನ ಪುಟಕ್ಕ ರಕ್ತ ಹೋಗೋದು, ಮಾರಿ–ಕಾಲು ಬಾವು ಬರೋದು, ಕಣ್ಣು ಮಂಜಾಗೋದು, ಕೂಸಿನ ಮಿಸುಕಾಟ ಕಡಿಮಿ ಆಗೋದು, ಈ ನಾಕು ಚಿತ್ರ ಹಾಕ್ರಿ. ಬಣ್ಣದ್ದು ಮಾಡಸಬ್ಯಾಡ್ರಿ, ನೀವು ಹ್ವಾದ ಮ್ಯಾಲೆ ಕೇಂದ್ರದವರು ಝೆರಾಕ್ಸ್ ತಗದಾಗ ಕಪ್ಪಾಗ್ತದ. ಕಪ್ಪು ಗೆರಿ ಚಿತ್ರ ಇದ್ರ ನಡೀತದ. ಮೂಲ ಕಡತ ಕೇಂದ್ರದ ಕಂಪ್ಯೂಟರಿನ್ಯಾಗ ಯೂನಿಕೋಡ್‌ನ್ಯಾಗೇ ಇಟ್ಟು, ತಿದ್ದೋದು ಹ್ಯಾಂಗ ಅಂತ ಅಲ್ಲಿಯ ಒಬ್ಬರಿಗೆ ತೋರಿಸಿ ಬರ್ರಿ.